ಫೇಸ್ ಡಯಾಗ್ರಾಂಗೆ ‘ಹಂತ ಚಿತ್ರ’ ಅನ್ನಬಹುದಾ? ‘ರೂಪನಕ್ಷೆ’ ಅಂದರೆ ತಪ್ಪಾ?

ಗೆಳೆಯರೇ,

ಲೋಹಗಳನ್ನು ಬೆರೆಸಿದರೆ ಏನೇನಾಗುತ್ತದೆ ಅಂತ ಹೇಳುವ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಸಾಲುಸಾಲಿಗೂ ‘ಫೇಸ್ ಡಯಾಗ್ರಾಂ’ ಬರುತ್ತದೆ, ಅಂದರೆ ಯಾವುದನ್ನು ಎಷ್ಟು ಬೆರೆಸಿ ಎಷ್ಟು ಬಿಸಿ ಮಾಡಿದರೆ ವಸ್ತು ಯಾವ ಬಗೆಯಲ್ಲಿ ಇರುತ್ತದೆ ಅಂತ ತೋರಿಸುವ ಚಿತ್ರ. ಆ ಒಂದೊಂದು ಬಗೆಯೂ ಒಂದು ‘ಫೇಸ್’. ಮೊದಲ ಕರಡಿನಲ್ಲಿ ಸುಮ್ನೆ ‘ಹಂತ ಚಿತ್ರ’ ಅಂತ ಬರೆದುಬಿಟ್ಟೆ. ಓದಿದ ಗೆಳತಿ ಕೇಳಿದಳು: “ಸರಿ, ಇದರಲ್ಲಿ ಮೊದಲನೇ ಹಂತ ಯಾವುದು?” ಅಲ್ಲಿಗೆ ಆ ಪದ ಬಿದ್ದುಹೋಯಿತು. ಹಂತ ಅಂದರೆ ಒಂದಾದ ಮೇಲೆ ಒಂದು. ಇಲ್ಲಿ ಹಾಗೆ ಮೊದಲು, ಆಮೇಲೆ ಅನ್ನುವುದೇ ಇಲ್ಲ.

ಘನ, ದ್ರವ ಅನ್ನುವಾಗಿನ ‘ಸ್ಥಿತಿ’ ಸಾಕಲ್ವಾ ಅಂತ ನೀವು ಕೇಳಬಹುದು. ಸಾಲದು. ಅಪ್ಪಟ ಕಬ್ಬಿಣವನ್ನು ಕಾಯಿಸುತ್ತಾ ಹೋಗಿ. 912 ಡಿಗ್ರಿ ಸೆಲ್ಸಿಯಸ್‌ವರೆಗೆ ಅದರ ಪರಮಾಣುಗಳು ದಾಳದಂಥ ಗೂಡಿನ ಎಂಟು ಮೂಲೆಗಳಲ್ಲಿ ಕೂತಿರುತ್ತವೆ, ನಡುಮಧ್ಯದಲ್ಲಿ ಇನ್ನೊಂದು. ಅದನ್ನು ದಾಟಿದ ಕೂಡಲೇ ನಡುವಿನದು ಖಾಲಿ, ಬದಲಿಗೆ ಆರು ಮುಖಗಳ ಮೇಲೂ ಒಂದೊಂದು. ಎರಡೂ ಗಟ್ಟಿ ಕಬ್ಬಿಣವೇ, ಕರಗಿಲ್ಲ. ಸ್ಥಿತಿ ಒಂದೇ, ಫೇಸ್ ಎರಡು. ಎಣ್ಣೆ ನೀರಿನದೂ ಇದೇ ಕತೆ: ಎರಡೂ ದ್ರವ, ಆದರೆ ನಡುವೆ ಗೆರೆ ಎಳೆದ ಹಾಗೆ ಬೇರೆ ಬೇರೆ.

‘ಅವಸ್ಥೆ’ ಅಂತ ಹಾಕಿದರೆ “ಇದೇನಪ್ಪಾ ಇದರ ಅವಸ್ಥೆ” ಅನ್ನುವ ಹಾಗೆ ಕೇಳಿಸುತ್ತದೆ. ‘ಪಾಡು’ ಇನ್ನೂ ಮೋಸ, ನಾಯಿಪಾಡು ನೆನಪಾಗುತ್ತದೆ. ಪುಸ್ತಕಗಳಲ್ಲಿ ‘ಪ್ರಾವಸ್ಥೆ’ ಇದೆ. ಅರ್ಥ ಖಚಿತ, ಆದರೆ ಓದುಗರು ಅಲ್ಲಿ ಒಮ್ಮೆ ಎಡವುತ್ತಾರೆ. ‘ಫೇಸ್’ ಅಂತಲೇ ಉಳಿಸಿಕೊಳ್ಳೋಣವೆಂದರೆ ನಮ್ಮ ಲಿಪಿಯಲ್ಲಿ ಮುಖಕ್ಕೂ ಅದೇ ಫೇಸ್. ಈಗ ತಾನೇ ಗೂಡಿನ ಆರು ಮುಖಗಳ ಮಾತು ಬಂತಲ್ಲ, ಅಲ್ಲಿ ಪೂರ್ತಿ ಗೊಂದಲ.

ನನ್ನ ಮನಸ್ಸು ‘ರೂಪ’ದ ಕಡೆ ವಾಲಿದೆ. ಮೂಲದ ಗ್ರೀಕ್ ಪದಕ್ಕೂ ‘ಕಾಣಿಸಿಕೊಳ್ಳುವುದು’ ಅಂತಲೇ ಅರ್ಥ. ಕಬ್ಬಿಣದ ಎರಡು ರೂಪ ಅಂದರೆ ಯಾರಿಗೂ ವಿವರಿಸಬೇಕಿಲ್ಲ. ಎಣ್ಣೆ ನೀರಿಗೆ ಮಾತ್ರ ಇದು ಅಷ್ಟು ಚೆನ್ನಾಗಿ ಕೂರುವುದಿಲ್ಲ, ಒಪ್ಪುತ್ತೇನೆ.

ಡಯಾಗ್ರಾಂಗೆ ‘ಚಿತ್ರ’ಕ್ಕಿಂತ ‘ನಕ್ಷೆ’ ವಾಸಿ. ಅದನ್ನು ಬಳಸುವುದೇ ಹಾಗೆ: ಇಷ್ಟು ತವರ, ಇಷ್ಟು ಸೀಸ, ಇಷ್ಟು ಬಿಸಿ ಅಂತ ಬೆರಳಿಟ್ಟು, ಯಾವ ಸೀಮೆಯಲ್ಲಿದ್ದೇವೆ ಅಂತ ನೋಡುವುದು. ತವರ 232 ಡಿಗ್ರಿಗೆ ಕರಗುತ್ತದೆ, ಸೀಸ 327ಕ್ಕೆ. ಸುಮಾರು 62 ಪಾಲು ತವರ, 38 ಪಾಲು ಸೀಸ ಬೆರೆಸಿದರೆ 183ಕ್ಕೇ ಕರಗುತ್ತದೆ. ನಕ್ಷೆಯಲ್ಲಿ ಅದು ಗಡಿಗೆರೆಗಳು ಕೆಳಗಿಳಿದು ಸೇರುವ ಮೂಲೆ. ನಕ್ಷೆ ಅಂದಮೇಲೆ ಗಡಿ, ಸೀಮೆ ಎರಡೂ ಪುಕ್ಕಟೆ ಸಿಕ್ಕವು.

ಇನ್ನು ನಿಜವಾದ ಗಂಟು, ‘ಕಾಂಬಿನೇಟೋರಿಯಲ್’. ಬೇಕಾದಷ್ಟು ಬೆರಕೆಗಳನ್ನು ಒಟ್ಟಿಗೇ ಮಾಡಿ ನೋಡುವ ಹೊಸ ದಾರಿಗೆ ಮೂಲದಲ್ಲಿರುವ ಹೆಸರು ಅದು. ನಕ್ಷೆ ಬರೆಯುವ ಹಳೆಯ ದಾರಿ ಹೀಗೆ: ಒಂದೊಂದು ಪಾಲಿಗೂ ಒಂದೊಂದು ಗುಂಡು ಕರಗಿಸು, ದಿನಗಟ್ಟಲೆ ಬಿಸಿಯಲ್ಲಿಡು, ಕತ್ತರಿಸು, ಉಜ್ಜು, ನೋಡು. ಮೂರು ಲೋಹಗಳನ್ನು ನೂರಕ್ಕೆ ಒಂದರ ಅಳತೆಯಲ್ಲಿ ಬದಲಿಸುತ್ತಾ ಹೋದರೆ 5,151 ಗುಂಡು ಬೇಕು. ನಾಲ್ಕು ಲೋಹವಾದರೆ 1,76,851. ಯಾರ ಆಯಸ್ಸೂ ಸಾಲದು.

ಹೊಸ ದಾರಿಯಲ್ಲಿ ಒಂದೇ ಸಿಲಿಕಾನ್ ಬಿಲ್ಲೆಯ ಮೇಲೆ ಮೂರು ದಿಕ್ಕಿನಿಂದ ಮೂರು ಲೋಹಗಳ ಆವಿಯನ್ನು ಬೀಳಿಸುತ್ತಾರೆ. ಪ್ರತಿ ಲೋಹವೂ ತನ್ನ ದಿಕ್ಕಿನಲ್ಲಿ ಜಾಸ್ತಿ, ದೂರ ಹೋದಂತೆ ಕಡಿಮೆ. ಆಮೇಲೆ ಚುಕ್ಕಿಚುಕ್ಕಿಗೂ ಎಕ್ಸ್-ರೇ ಹಾಯಿಸುತ್ತಾರೆ. ಒಂದೇ ಬಗೆಯ ಗುರುತು ಬಂದ ಚುಕ್ಕಿಗಳು ಒಂದು ಸೀಮೆ, ಗುರುತು ಬದಲಾದಲ್ಲಿ ಗಡಿ. ಇದು ನಿನ್ನೆ ಮೊನ್ನೆಯದಲ್ಲ, 1965ರಲ್ಲೇ ಕಬ್ಬಿಣ, ಕ್ರೋಮಿಯಂ, ನಿಕಲ್‌ಗಳ ಮೇಲೆ ಮಾಡಿದ್ದಾರೆ. 1970ರಲ್ಲಿ ವಿಜ್ಞಾನಿ ಜೋಸೆಫ್ ಹನಾಕ್ ಇಂಥದ್ದಕ್ಕೆ ಇಟ್ಟ ಹೆಸರು ‘ಬಹುಮಾದರಿ’ ಅನ್ನುವ ಅರ್ಥದ್ದು. ‘ಕಾಂಬಿನೇಟೋರಿಯಲ್’ ಆಮೇಲೆ ಔಷಧ ಹುಡುಕುವವರ ರಸಾಯನಶಾಸ್ತ್ರದಿಂದ ಬಂತು.

ಗಣಿತದ ಪುಸ್ತಕದಲ್ಲಿ ಕಾಂಬಿನೇಶನ್ ಅಂದರೆ ‘ವಿಕಲ್ಪ’. ಬಿಲ್ಲೆಯ ಅರ್ಧ ಮುಚ್ಚಿ, ಅರ್ಧ ತೆರೆದು, ಪ್ರತಿ ಸಲ ಮುಚ್ಚುವ ಭಾಗ ಬದಲಿಸಿ ಏಳು ಸಲ ಲೇಪಿಸಿದರೆ 128 ಬೇರೆ ಬೇರೆ ಚೌಕಗಳು ಸಿಗುತ್ತವೆ. 1995ರಲ್ಲಿ ವಿಜ್ಞಾನಿಗಳಾದ ಷಿಯಾಂಗ್ ಮತ್ತು ಶುಲ್ಟ್ಜ್ ಅವರ ತಂಡ ತೋರಿಸಿದ್ದೂ 128 ಮಾದರಿಗಳನ್ನೇ. ಅಲ್ಲಿ ಇದು ಬೇಕು, ಅದು ಬೇಡ ಅನ್ನುವ ಆಯ್ಕೆ ಇದೆ, ವಿಕಲ್ಪ ಒಪ್ಪುತ್ತದೆ. ಆದರೆ ಬಿಲ್ಲೆಯುದ್ದಕ್ಕೂ ಪಾಲು ಮೆಲ್ಲಗೆ ಬದಲಾಗುವಾಗ ಆಯ್ಕೆ ಎಲ್ಲಿದೆ? ‘ಸಂಯೋಜನೆ’ ಅನ್ನೋಣವೆಂದರೆ ಅದನ್ನು ಆಗಲೇ ‘ಕಾಂಪೊಸಿಶನ್’ಗೆ, ಅಂದರೆ ಯಾವ ಲೋಹ ಎಷ್ಟಿದೆ ಅನ್ನುವುದಕ್ಕೆ, ಕೊಟ್ಟಾಗಿದೆ. ‘ಸಂಯೋಜನೆಗಳ ಸಂಯೋಜನಾ ವಿಧಾನ’ ಅಂತ ನಾನೇ ಒಮ್ಮೆ ಬರೆದು, ಓದಿ, ನಕ್ಕು ಅಳಿಸಿದೆ. ‘ಬೆರಕೆ’ ಅಂದರೆ ಕಲಬೆರಕೆಯ ವಾಸನೆ. ಹಾಗಾಗಿ ಕಾಂಪೊಸಿಶನ್‌ಗೆ ‘ಪಾಲು’, ಈ ವಿಧಾನಕ್ಕೆ ‘ಹರವು ವಿಧಾನ’ ಅಂತ ಇಟ್ಟಿದ್ದೇನೆ. ಒಟ್ಟಿಗೇ ಬಹಳಷ್ಟು ಮಾದರಿಗಳನ್ನು ಬೇಗ ನೋಡಿ ಮುಗಿಸುವ ‘ಹೈ ಥ್ರೂಪುಟ್’ಗೆ ಪದ ಹುಡುಕಲೇ ಇಲ್ಲ, ‘ಒಂದೇ ಏಟಿಗೆ’ ಅಂದರೆ ಆಯಿತು.

ಒಂದು ಎಚ್ಚರ ಮಾತ್ರ ಬೇಕು. ತೆಳು ಲೇಪದಲ್ಲಿ ಪರಮಾಣುಗಳು ಬಿದ್ದಲ್ಲೇ ಸಿಕ್ಕಿಕೊಂಡಿರಬಹುದು. ಆಗ ಕಾಣುವುದು ಕೊನೆಗೆ ನೆಲೆನಿಲ್ಲುವ ರೂಪವಲ್ಲ, ಸದ್ಯದ ರೂಪ. ಅದಕ್ಕೇ ಕೆಲವರು ಲೋಹದ ತುಂಡುಗಳನ್ನೇ ಒತ್ತಿ ಸೇರಿಸಿ, ಬಹಳ ಹೊತ್ತು ಬಿಸಿಯಲ್ಲಿಟ್ಟು, ಒಂದರೊಳಗೊಂದು ಇಂಗಲು ಬಿಡುತ್ತಾರೆ. ಡಿಫ್ಯೂಶನ್‌ಗೆ ಪುಸ್ತಕದ ‘ವಿಸರಣೆ’ಗಿಂತ ಈ ‘ಇಂಗು’ ನನಗೆ ಹಿಡಿಸಿತು.

ಈಗ ನನ್ನ ವಾಕ್ಯ ಹೀಗಿದೆ: “ಒಂದೇ ಬಿಲ್ಲೆಯ ಮೇಲೆ ಮೂರು ಲೋಹಗಳ ಪಾಲುಗಳನ್ನು ಹರವಿ, ಒಂದೇ ಏಟಿಗೆ ರೂಪನಕ್ಷೆ ಬರೆಯುವುದು.” ರಸಾಯನಶಾಸ್ತ್ರ ಕಲಿಸುವವರು ಇದ್ದರೆ ಹೇಳಿ, ‘ರೂಪ’ ತರಗತಿಯಲ್ಲಿ ನಿಲ್ಲುತ್ತದಾ, ಅಥವಾ ‘ಪ್ರಾವಸ್ಥೆ’ಗೇ ಮರಳಲಾ? ಹಾಗೇ ಆ ಬಿಲ್ಲೆಯನ್ನು ಮೂಲದವರು ‘ಲೈಬ್ರರಿ’ ಅನ್ನುತ್ತಾರೆ. ಗ್ರಂಥವೇ ಇಲ್ಲದ್ದಕ್ಕೆ ಗ್ರಂಥಾಲಯ ಅನ್ನಲು ಕೈ ಬರುತ್ತಿಲ್ಲ. ‘ಮಾದರಿ ಹಲಗೆ’ ನಡೆಯುತ್ತದಾ?