“ಎಲ್ಲ ಚೆನ್ನಾಗಿದೆ ಅಮ್ಮ” ಎಂಬ ದನಿ ನನಗೆ ಗೊತ್ತಿತ್ತು

ಮೊನ್ನೆ ಪರದೇಶದಲ್ಲಿರುವ ಕನ್ನಡಿಗ ಪೋಷಕರ ನಮ್ಮ ಗುಂಪಿನಲ್ಲಿ ತಾಯಿಯೊಬ್ಬರು ಕೇಳಿದ್ದರು: ಮಗ ವಿಶ್ವವಿದ್ಯಾಲಯ ಸೇರಿ ಆರು ವಾರವಾಯಿತು. ಮನೆಯಲ್ಲಿದ್ದಾಗ ಮಾತು ನಿಲ್ಲಿಸದಿದ್ದ ಹುಡುಗ ಈಗ ಎರಡು ದಿನಕ್ಕೊಮ್ಮೆ ಒಂದು ಸಾಲು ಬರೆದು ಸುಮ್ಮನಾಗುತ್ತಾನೆ. ಮೊದಲ ಪರೀಕ್ಷೆ ಹೇಗಾಯಿತು ಎಂದರೆ ಮಾತು ತಿರುಗಿಸುತ್ತಾನೆ. ನಾನು ಏನು ಮಾಡಲಿ?

ಬಂದ ಉತ್ತರಗಳಲ್ಲಿ ಅರ್ಧದಷ್ಟು “ಬಿಟ್ಟುಬಿಡಿ, ತಾನಾಗಿಯೇ ಸರಿಹೋಗುತ್ತಾನೆ” ಎಂದವು. ಉಳಿದವು “ಈ ಶನಿವಾರವೇ ಹೋಗಿ ಕರೆದುಕೊಂಡು ಬನ್ನಿ” ಎಂದವು. ಎರಡೂ ಕಾಳಜಿಯಿಂದ ಬಂದ ಮಾತುಗಳೇ. ಆದರೂ ಆ ಪ್ರಶ್ನೆ ಎರಡು ದಿನದಿಂದ ನನ್ನನ್ನು ಬಿಟ್ಟಿಲ್ಲ. ಮೂರು ವರ್ಷದ ಹಿಂದೆ ಅದು ನನ್ನ ಮನೆಯ ಪ್ರಶ್ನೆಯಾಗಿತ್ತು. ಹಾಗಾಗಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಮಗಳ ಮೊದಲ ಸೆಮಿಸ್ಟರಿನ ಏಳನೆಯ ವಾರವಿರಬೇಕು. ರಾತ್ರಿ ಫೋನ್ ಮಾಡಿದೆ. “ಎಲ್ಲ ಚೆನ್ನಾಗಿದೆ ಅಮ್ಮ” ಎಂದಳು. “ಎಲ್ಲ” ಎಂಬುದನ್ನು ಸ್ವಲ್ಪ ಎಳೆದಳು, “ಚೆನ್ನಾಗಿದೆ” ಎಂಬುದನ್ನು ಅವಸರದಲ್ಲಿ ಮುಗಿಸಿದಳು. ನನ್ನ ಎದೆ ಧಸಕ್ಕೆಂದಿತು. ಆ ದನಿ ನನ್ನದು. ಈ ದೇಶಕ್ಕೆ ಬಂದ ಹೊಸತರಲ್ಲಿ ವಾರಕ್ಕೊಮ್ಮೆ ನನ್ನ ಅಮ್ಮನಿಗೆ ನಾನು ಹೇಳುತ್ತಿದ್ದದ್ದು ಇದೇ ಮಾತು, ಇದೇ ರಾಗದಲ್ಲಿ. ಫೋನ್ ಇಟ್ಟ ಮೇಲೆ ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡು ಅಳುತ್ತಿದ್ದೆ.

ಆ ರಾತ್ರಿಯಿಂದ ನನಗೆ ಅನ್ನಿಸಿದ್ದು ಇದು. ವಿಶ್ವವಿದ್ಯಾಲಯದ ಮೊದಲ ವರ್ಷ ಒಂದು ವಲಸೆ. ನಾವೆಲ್ಲರೂ ವಲಸೆಯ ಮೊದಲ ವರ್ಷವನ್ನು ದಾಟಿ ಬಂದವರು. ಅದರ ಒಳಗುಟ್ಟು ನಮಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಆದರೂ ಮಕ್ಕಳಿಗೆ ನಾವು ಹೇಳುವುದು ಅಂಕದ ಮಾತು, ನಿದ್ದೆಯ ಮಾತು, ಊಟದ ಮಾತು. ಬಲ್ಲದ್ದನ್ನು ಮಾತ್ರ ಹೇಳುವುದಿಲ್ಲ.

ಅಲ್ಲಿ ನಿಜವಾಗಿ ಬದಲಾಗುವುದು ಏನು ಎಂಬುದನ್ನು ಮೊದಲು ನೋಡೋಣ. ದೂರದಿಂದ ನಮಗೆ ಕಾಣುವುದು ಖಾಲಿ ಖಾಲಿಯಾದ ವೇಳಾಪಟ್ಟಿ. ವಾರಕ್ಕೆ ಹದಿನೈದು ಗಂಟೆ ತರಗತಿ, ಉಳಿದದ್ದೆಲ್ಲ ಬಿಡುವು ಎಂದುಕೊಳ್ಳುತ್ತೇವೆ. ನಾನೂ ಹಾಗೆಂದುಕೊಂಡು “ಇಷ್ಟು ಸಮಯವಿದ್ದೂ ಓದುವುದಕ್ಕೆ ಏನು ಕಷ್ಟ?” ಎಂದು ಕೇಳಿದ್ದೆ. ಆ ಮಾತಿಗೆ ಈಗಲೂ ನೋವಾಗುತ್ತದೆ. ಓದಿನ ಹೊರೆಯನ್ನು ಅಳೆಯುವ ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಪೂರ್ಣಾವಧಿ ಓದಿನ ಒಂದು ವರ್ಷಕ್ಕೆ 60 ಕ್ರೆಡಿಟ್, ಒಂದೊಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆಯ ಕೆಲಸ. ಅಂದರೆ ವರ್ಷಕ್ಕೆ 1500ರಿಂದ 1800 ಗಂಟೆ. ಅಮೆರಿಕದ ಲೆಕ್ಕದಲ್ಲಿ ತರಗತಿಯ ಒಂದು ಗಂಟೆಗೆ ತರಗತಿಯ ಹೊರಗೆ ಕನಿಷ್ಠ ಎರಡು ಗಂಟೆ. ಹದಿನೈದು ಗಂಟೆಯ ತರಗತಿ ಎಂದರೆ ವಾರಕ್ಕೆ ನಲವತ್ತೈದು ಗಂಟೆಯ ದುಡಿಮೆ. ಅದರಲ್ಲಿ ಮೂವತ್ತು ಗಂಟೆಯನ್ನು ಎಲ್ಲಿ, ಯಾವಾಗ, ಹೇಗೆ ಕಳೆಯಬೇಕೆಂದು ಹೇಳುವವರು ಯಾರೂ ಇಲ್ಲ.

ಹದಿನೆಂಟು ವರ್ಷ ಆ ಹೇಳುವ ಕೆಲಸ ಮಾಡಿದವರು ನಾವು. ಪರದೇಶದಲ್ಲಿ ಮಕ್ಕಳನ್ನು ಬೆಳೆಸುವಾಗ ಎಲ್ಲಿ ಹಿಂದೆ ಬೀಳುತ್ತಾರೋ ಎಂಬ ಭಯ ನಮ್ಮನ್ನು ಬಿಡುವುದಿಲ್ಲ. ಹಾಗಾಗಿ ದಿನದ ಒಂದೊಂದು ಗಂಟೆಯನ್ನೂ ನಾವೇ ತುಂಬಿಸುತ್ತೇವೆ: ಶಾಲೆ, ಸಂಗೀತ, ಈಜು, ಭಾನುವಾರದ ಕನ್ನಡ ತರಗತಿ. ಒಂದರಿಂದ ಇನ್ನೊಂದಕ್ಕೆ ಕಾರಿನಲ್ಲಿ ಒಯ್ಯುತ್ತೇವೆ. ಅದೆಲ್ಲ ಪ್ರೀತಿಯಿಂದಲೇ ಮಾಡಿದ್ದು, ತಪ್ಪೆಂದು ಹೇಳುತ್ತಿಲ್ಲ. ಆದರೆ ಮಗುವಿನ ಕೈಗೆ ತನ್ನ ದಿನ ಒಮ್ಮೆಯೂ ಪೂರ್ತಿಯಾಗಿ ಬಂದಿರಲಿಲ್ಲ. ಈಗ ಒಂದೇ ವಾರದಲ್ಲಿ ಬಂದುಬಿಟ್ಟಿದೆ. ಸೋಮಾರಿತನದಂತೆ ಕಾಣುವುದು ಎಷ್ಟೋ ಸಲ ದಿಕ್ಕು ತೋಚದಿರುವುದೇ ಆಗಿರುತ್ತದೆ. ನನ್ನ ಮಗಳಿಗೆ ನೆರವಾದದ್ದು ತೀರಾ ಸಣ್ಣ ಸಂಗತಿ: ಸಹಪಾಠಿಯೊಬ್ಬಳ ಜೊತೆ ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ ಒಂದೇ ಹೊತ್ತಿಗೆ ಗ್ರಂಥಾಲಯದ ಒಂದೇ ಮೇಜಿಗೆ ಹೋಗಿ ಕೂರುವುದು. ಇನ್ನೊಬ್ಬರು ಕಾಯುತ್ತಿರುತ್ತಾರೆ ಎಂಬ ಕಾರಣಕ್ಕಾದರೂ ಹಾಸಿಗೆ ಬಿಟ್ಟು ಏಳುತ್ತಿದ್ದಳು.

ಇನ್ನು ಅಂಕದ ವಿಷಯ. ಗಣಿತದ ಮೊದಲ ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು 100ಕ್ಕೆ 41. ಶಾಲೆಯಲ್ಲಿ ತೊಂಬತ್ತಕ್ಕಿಂತ ಕೆಳಗೆ ಇಳಿದವಳಲ್ಲ. ಒಂದೊಂದು ಶಾಲೆಯ ಮೊದಲ ಮೂವರನ್ನು ಒಂದೇ ಕೋಣೆಗೆ ತಂದು ಕೂರಿಸಿದರೆ ಅವರಲ್ಲಿ ಹೆಚ್ಚಿನವರು ಮೊದಲ ಮೂವರಾಗಿ ಉಳಿಯಲಾರರು. ಲೆಕ್ಕ ಇಷ್ಟೇ, ಆದರೆ ಹದಿನೆಂಟರ ವಯಸ್ಸಿಗೆ ಅದು ಲೆಕ್ಕವಾಗಿ ಕಾಣುವುದಿಲ್ಲ. ‘ನಾನು ಇಲ್ಲಿಗೆ ಬರಬೇಕಾದವಳಲ್ಲ, ಯಾವುದೋ ತಪ್ಪಿನಿಂದ ಸೀಟು ಸಿಕ್ಕಿದೆ, ಇಂದಲ್ಲ ನಾಳೆ ಎಲ್ಲರಿಗೂ ಗೊತ್ತಾಗುತ್ತದೆ’ ಎಂದು ಕಾಣುತ್ತದೆ. ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಮನಶ್ಶಾಸ್ತ್ರಜ್ಞೆಯರು 1978ರಲ್ಲಿಯೇ ಇದನ್ನು ಗುರುತಿಸಿ ಬರೆದರು. ಅವರು ಕಂಡದ್ದು ಸೋತವರಲ್ಲಿ ಅಲ್ಲ, ಸಾಧನೆ ಮಾಡಿದ್ದ ಹೆಣ್ಣುಮಕ್ಕಳಲ್ಲಿ.

ಓದುವ ಕ್ರಮವೂ ಕೈಕೊಟ್ಟಿತ್ತು. ಟಿಪ್ಪಣಿಗಳಿಗೆ ಮೂರು ಬಣ್ಣದ ಗೆರೆ ಎಳೆದು ನಾಲ್ಕು ಸಲ ಓದಿದ್ದಳಂತೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗವೊಂದು ಇಲ್ಲಿ ನೆನಪಾಗುತ್ತದೆ. ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರದೇ ಮೇಲುಗೈ. ಒಂದು ವಾರದ ನಂತರ ಕೇಳಿದಾಗ ಪುಸ್ತಕ ಮುಚ್ಚಿ ಬರೆದವರು ಮುಂದಿದ್ದರು. ಹಿಂದಿನ ರಾತ್ರಿ ಓದಿ ಬೆಳಿಗ್ಗೆ ಬರೆಯುವ ಶಾಲೆಯ ಅಭ್ಯಾಸ ಇಲ್ಲಿ ಸಾಲದೇ ಹೋಗುವುದಕ್ಕೆ ಇದೂ ಒಂದು ಕಾರಣ. ಮಗಳು ಎರಡನೆಯ ಪರೀಕ್ಷೆಗೆ ಖಾಲಿ ಹಾಳೆ ಇಟ್ಟುಕೊಂಡು ತಯಾರಾದಳು.

ಆದರೆ ಅವಳು ಕುಸಿದದ್ದು ಗಣಿತದಿಂದಲ್ಲ. ಅದು ನನಗೆ ಗೊತ್ತಾದದ್ದು ನಾನು ಬಾಯಿ ಬಿಟ್ಟ ಮೇಲೆ.

ಆ ಫೋನಿನ ಮರುದಿನ ಮತ್ತೆ ಕರೆ ಮಾಡಿದೆ. ಈ ಬಾರಿ ಪ್ರಶ್ನೆ ಕೇಳಲಿಲ್ಲ. ನನ್ನ ಮೊದಲ ವರ್ಷದ ಕಥೆ ಹೇಳಿದೆ. ಗಂಡ ಕೆಲಸಕ್ಕೆ ಹೋದ ಮೇಲೆ ಸಂಜೆಯವರೆಗೆ ಯಾರ ಜೊತೆಯೂ ಮಾತಿಲ್ಲದ ದಿನಗಳು. ಫೋನ್ ಎತ್ತುವ ಮೊದಲು ಹೇಳಬೇಕಾದ ವಾಕ್ಯವನ್ನು ಕಾಗದದಲ್ಲಿ ಬರೆದುಕೊಳ್ಳುತ್ತಿದ್ದದ್ದು. ಒಮ್ಮೆ ಪೂರ್ತಿ ನಾಲ್ಕು ದಿನ, ಗಂಡನನ್ನು ಬಿಟ್ಟರೆ ಯಾರೂ ನನ್ನ ಹೆಸರು ಹಿಡಿದು ಕರೆದಿರಲಿಲ್ಲ. ಬೆಚ್ಚಗೆ ಕೂರಲು ಜಾಗ ಸಿಗುತ್ತದೆಂದು ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಅಲ್ಲಿನ ಮೇಜಿನ ಹಿಂದಿದ್ದ ಹೆಂಗಸೊಬ್ಬರು ಒಂದು ದಿನ ನನ್ನ ಕಾರ್ಡು ನೋಡಿ, “ನಿಮ್ಮ ಹೆಸರನ್ನು ಸರಿಯಾಗಿ ಹೇಗೆ ಹೇಳಬೇಕು?” ಎಂದು ಕೇಳಿದರು. ನಾನು ಹೇಳಿದ್ದನ್ನು ತಮ್ಮದೇ ಕಾಗುಣಿತದಲ್ಲಿ ಚೀಟಿಯ ಮೇಲೆ ಬರೆದು ಮೇಜಿಗೆ ಅಂಟಿಸಿಕೊಂಡರು. ಮುಂದಿನ ವಾರ ಹೋದಾಗ ಹೆಸರು ಹಿಡಿದು ಕರೆದರು. ಆ ಒಂದು ಕರೆ ನನ್ನನ್ನು ಎಷ್ಟು ದಿನ ಹಿಡಿದು ನಿಲ್ಲಿಸಿತು ಎಂಬುದನ್ನು ಅವಳಿಗೆ ಹೇಳಿದೆ.

ಮಗಳು ಬಹಳ ಹೊತ್ತು ಸುಮ್ಮನಿದ್ದು, “ನೀನು ಯಾವತ್ತೂ ಹೇಳಲೇ ಇಲ್ಲವಲ್ಲ” ಎಂದಳು.

ಹೌದು, ಹೇಳಿರಲಿಲ್ಲ. ಮನೆಯಲ್ಲಿ ನಾವು ಹೇಳುತ್ತಿದ್ದ ಕಥೆ ಬೇರೆ. ಎರಡು ಪೆಟ್ಟಿಗೆ ಹಿಡಿದು ಬಂದೆವು, ಕಷ್ಟಪಟ್ಟೆವು, ಮನೆ ಮಾಡಿದೆವು, ನಿಮ್ಮನ್ನು ಓದಿಸಿದೆವು. ಮಕ್ಕಳಿಗೆ ಛಲ ಬರಲಿ ಎಂದೇ ಹೇಳಿದ್ದು. ಅದನ್ನು ಕೇಳಿ ಬೆಳೆದ ಮಗುವಿಗೆ ಉಳಿದದ್ದು ಮಾತ್ರ ಇಷ್ಟು: ಅಪ್ಪ ಅಮ್ಮ ಅಳಲಿಲ್ಲ, ಅಳುತ್ತಿರುವವಳು ನಾನೊಬ್ಬಳೇ.

ಆಮೇಲೆ ಅವಳು ಮಾತನಾಡಿದಳು. ಐದು ವಾರದಿಂದ ಊಟದ ಕೋಣೆಯಲ್ಲಿ ಒಬ್ಬಳೇ ಕೂರುತ್ತಿದ್ದಳು. ಒಂಟಿಯಾಗಿ ಕಾಣಬಾರದೆಂದು ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುತ್ತಿದ್ದಳು, ಅದರಲ್ಲಿ ಏನೂ ಕೇಳುತ್ತಿರಲಿಲ್ಲ. ಯಾರಾದರೂ ಕರೆದರೆ ಕೇಳಿಸಲಿ ಎಂದು. ಇದನ್ನು ಹೇಳುವಾಗ ಕನ್ನಡದಲ್ಲಿ ಪದ ಸಿಗದೆ ಇಂಗ್ಲಿಷಿಗೆ ಹೊರಳಿದಳು. ಸಾಮಾನ್ಯವಾಗಿ ಕನ್ನಡದಲ್ಲೇ ಹೇಳು ಎನ್ನುವವಳು ನಾನು, ಅಂದು ತಡೆಯಲಿಲ್ಲ.

ಇದು ನನ್ನೊಬ್ಬಳ ಮನೆಯ ಅನುಭವ ಎಂದುಕೊಳ್ಳಬೇಡಿ. ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೊಹೆನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಹಿರಿಯ ವಿದ್ಯಾರ್ಥಿಗಳ ಮಾತುಗಳನ್ನು ಓದಲು ಕೊಟ್ಟಿದ್ದರು. ತಿರುಳು ಇಷ್ಟೇ: ‘ನಮಗೂ ಮೊದಮೊದಲು ಇದು ನಮ್ಮ ಜಾಗವಲ್ಲ ಅನ್ನಿಸಿತ್ತು, ಎಲ್ಲರಿಗೂ ಅನ್ನಿಸುತ್ತದೆ, ಕಾಲ ಕಳೆದಂತೆ ಅದು ಕರಗುತ್ತದೆ’. ಓದಿದ ಮೇಲೆ ತಮ್ಮ ಅನುಭವವನ್ನೂ ಬರೆಯಲು ಹೇಳಿದರು. ಎಲ್ಲ ಸೇರಿ ಒಂದು ಗಂಟೆಯ ಕೆಲಸ. ಅದರಲ್ಲಿ ಭಾಗವಹಿಸಿದ ಕಪ್ಪು ವಿದ್ಯಾರ್ಥಿಗಳ ಅಂಕಗಳು ಮುಂದಿನ ಮೂರು ವರ್ಷ ಏರುತ್ತ ಹೋದವು. ತಮ್ಮಂಥವರಿಗೆ ಇಲ್ಲಿ ಜಾಗವಿದೆಯೇ ಎಂಬ ಅನುಮಾನ ಹೊತ್ತು ಬಂದವರಿಗೇ ಆ ಮಾತು ಹೆಚ್ಚು ತಾಗಿತ್ತು. ನಮ್ಮ ಮಕ್ಕಳಲ್ಲಿಯೂ ಆ ಅನುಮಾನ ಹೊತ್ತವರಿದ್ದಾರೆ. ಹಾಜರಿ ಕರೆಯುವಾಗ ತಮ್ಮ ಹೆಸರು ಬರುವ ಮೊದಲು ಒಂದು ಕ್ಷಣದ ತಡವರಿಕೆಯನ್ನು ಕೇಳುತ್ತಲೇ ಬೆಳೆದವರು ಅವರು.

ವಾರಾಂತ್ಯಕ್ಕೆ ಮನೆಗೆ ಕರೆಸಬೇಕೇ ಬೇಡವೇ ಎಂಬ ಚರ್ಚೆ ನಮ್ಮ ಗುಂಪಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಅರ್ನಾಲ್ಡ್ ವಾನ್ ಗೆನೆಪ್ ಎಂಬ ವಿದ್ವಾಂಸ 1909ರಲ್ಲಿ, ಬದುಕಿನ ಒಂದು ಹಂತದಿಂದ ಇನ್ನೊಂದಕ್ಕೆ ದಾಟುವ ಆಚರಣೆಗಳಲ್ಲಿ ಮೂರು ಘಟ್ಟಗಳನ್ನು ಕಂಡ: ಬೇರ್ಪಡುವುದು, ನಡುವೆ ತೂಗುವುದು, ಸೇರಿಕೊಳ್ಳುವುದು. ವಿನ್ಸೆಂಟ್ ಟಿಂಟೊ ಎಂಬ ಸಮಾಜಶಾಸ್ತ್ರಜ್ಞ ಅದನ್ನು ಕಾಲೇಜು ಸೇರುವವರಿಗೆ ಅನ್ವಯಿಸಿದಾಗ, ಹಳೆಯ ಬಳಗದಿಂದ ಬಿಡಿಸಿಕೊಂಡರೆ ಮಾತ್ರ ಹೊಸದರಲ್ಲಿ ಬೇರೂರಲು ಸಾಧ್ಯ ಎಂಬ ಅರ್ಥ ಬಂತು. ಅಲ್ಪಸಂಖ್ಯಾತ ಸಮುದಾಯಗಳ ವಿದ್ಯಾರ್ಥಿಗಳಿಗೆ ಇದು ಹೊಂದುವುದಿಲ್ಲ, ಮನೆ ಮತ್ತು ಸಮುದಾಯದ ನಂಟೇ ಅವರನ್ನು ಉಳಿಸುತ್ತದೆ ಎಂದು ಇತರ ವಿದ್ವಾಂಸರು ಆಕ್ಷೇಪಿಸಿದರು. ಟಿಂಟೊ ಕೂಡ ಆಮೇಲೆ ತನ್ನ ನಿಲುವನ್ನು ತಿದ್ದಿಕೊಂಡರು. ನಂಟು ಬೇಕೇ ಬೇಕು ಎಂಬುದು ನನ್ನ ಅನುಭವವೂ ಹೌದು. ಆದರೆ ಮೊದಲ ಸೆಮಿಸ್ಟರಿನಲ್ಲಿ ಪ್ರತಿ ಶುಕ್ರವಾರ ಕರೆಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅಲ್ಲಿ ಸ್ನೇಹಗಳು ಹುಟ್ಟುವುದು ಶನಿವಾರ ಸಂಜೆ, ಮಾಡಲು ಏನೂ ಇಲ್ಲದ ಹೊತ್ತಿನಲ್ಲಿ. ಫೋನಿನ ನಂಟು ಗಟ್ಟಿಯಾಗಿದ್ದರೆ ತಿಂಗಳಿಗೊಮ್ಮೆ ಬಂದರೂ ಸಾಕು.

ಅಂಕವನ್ನು ವಿಶ್ವವಿದ್ಯಾಲಯಕ್ಕೇ ಫೋನ್ ಮಾಡಿ ಕೇಳುತ್ತೇನೆ ಎಂದು ಒಬ್ಬರು ಬರೆದಿದ್ದರು. ಸಾಮಾನ್ಯವಾಗಿ ಹೇಳುವುದಿಲ್ಲ. ಉದಾಹರಣೆಗೆ ಅಮೆರಿಕದಲ್ಲಿ, ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆಗೆಂದು ಮಾಡಿದ 1974ರ ಕಾಯ್ದೆಯ ಪ್ರಕಾರ ಮಗು ಕಾಲೇಜು ಸೇರಿದ ಮೇಲೆ ದಾಖಲೆಗಳ ಹಕ್ಕು ಅವನದೇ. ನಾವು ಶುಲ್ಕ ಕಟ್ಟಿದ್ದೇವೆ ಎಂದು ಸಿಟ್ಟಾಗುವ ಬದಲು, ಅಧ್ಯಾಪಕರು ವಿದ್ಯಾರ್ಥಿಗಳಿಗೆಂದೇ ಮೀಸಲಿಟ್ಟ ಸಮಯಕ್ಕೆ ಹೋಗುವಂತೆ ಹುರಿದುಂಬಿಸಿ. ಗುರುಗಳ ಬಾಗಿಲು ತಟ್ಟುವುದು ಅವರಿಗೆ ತೊಂದರೆ ಕೊಡುವುದು ಎಂಬ ಸಂಕೋಚವನ್ನು ಎಷ್ಟೋ ಮನೆಗಳಲ್ಲಿ ನಾವೇ ಕಲಿಸಿದ್ದೇವೆ. ನನ್ನ ಮಗಳು ಮೂರು ವಾರ ಆ ಬಾಗಿಲ ಮುಂದೆ ನಿಂತು ವಾಪಸು ಬಂದಿದ್ದಳು. ನಾಲ್ಕನೆಯ ವಾರ ಒಳಗೆ ಹೋದಾಗ ಅಲ್ಲಿ ಬೇರೆ ಯಾರೂ ಇರಲಿಲ್ಲ. ಅಧ್ಯಾಪಕಿ ನಲವತ್ತು ನಿಮಿಷ ಅವಳೊಂದಿಗೆ ಕುಳಿತರು.

ಒಂದು ಎಚ್ಚರಿಕೆ ಹೇಳದೆ ಮುಂದಕ್ಕೆ ಹೋಗಲಾರೆ. ಮನೆಯ ನೆನಪು, ಕಡಿಮೆ ಅಂಕ, ಒಂಟಿತನ ಇವು ಮೊದಲ ವರ್ಷದ ಜೊತೆಗೆ ಬರುವಂಥವು. ಆದರೆ ಮಗು ವಾರಗಟ್ಟಲೆ ಕೋಣೆಯಿಂದ ಹೊರಬರದಿದ್ದರೆ, ಊಟ ನಿದ್ದೆ ಪೂರ್ತಿ ಏರುಪೇರಾದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡವಾದರೆ, ಬದುಕಿ ಏನು ಪ್ರಯೋಜನ ಎಂಬ ಅರ್ಥದ ಮಾತು ಒಮ್ಮೆ ಬಂದರೂ, ಕಾಯಬೇಡಿ. ಅಂದೇ ಹೋಗಿ. ವಿಶ್ವವಿದ್ಯಾಲಯದ ಆಪ್ತಸಮಾಲೋಚಕರನ್ನೂ ವೈದ್ಯರನ್ನೂ ಕಾಣುವಂತೆ ಮಾಡಿ. ಜನ ಏನೆನ್ನುತ್ತಾರೋ ಎಂಬ ಯೋಚನೆ ಬೇಡ. ಒಂದು ಸೆಮಿಸ್ಟರ್ ಬಿಟ್ಟರೆ ಮತ್ತೆ ಸೇರಬಹುದು, ವಿಷಯ ಬದಲಿಸಬಹುದು. ಅದಕ್ಕೆ ಕೊನೆಯ ದಿನಾಂಕಗಳಿರುತ್ತವೆ, ವೀಸಾದ ಮೇಲಿರುವವರಿಗೆ ಬೇರೆ ನಿಯಮಗಳೂ ಇರುತ್ತವೆ. ಅದನ್ನೆಲ್ಲ ಮಗುವಿನ ಜೊತೆ ಕುಳಿತು ನೋಡಿ.

ಪ್ರಶ್ನೆ ಕೇಳಿದ ತಾಯಿಗೆ: ಇವತ್ತು ರಾತ್ರಿ ಮಗನಿಗೆ ಫೋನ್ ಮಾಡಿದಾಗ ಅಂಕದ ಸುದ್ದಿ ಎತ್ತಬೇಡಿ. ಈ ದೇಶದಲ್ಲಿ ನಿಮಗೆ ಅತ್ಯಂತ ಕಷ್ಟವಾಗಿದ್ದ ಒಂದು ವಾರದ ಕಥೆ ಹೇಳಿ. ಗೆದ್ದ ಭಾಗ ಬೇಡ, ಆ ವಾರದ್ದಷ್ಟೇ ಸಾಕು. ಹೇಳಿ ಮುಗಿಸಿದ ಮೇಲೆ ಸುಮ್ಮನಿರಿ. ಆ ಮೌನವನ್ನು ತುಂಬಿಸುವ ಆಸೆ ಬಹಳವಾಗುತ್ತದೆ, ತಡೆದುಕೊಳ್ಳಿ. ಅವನು ಅವತ್ತೇ ಮಾತನಾಡದಿರಬಹುದು. ನನ್ನ ಪರಿಚಯದ ಒಬ್ಬ ತಂದೆಗೆ ಮಗನಿಂದ ಉತ್ತರ ಬಂದದ್ದು ಹನ್ನೊಂದು ದಿನಗಳ ನಂತರ, ರಾತ್ರಿ ಎರಡು ಗಂಟೆಗೆ.

ನನ್ನ ಮಗಳು ಈಗ ಕೊನೆಯ ವರ್ಷದಲ್ಲಿದ್ದಾಳೆ. ಹೋದ ವರ್ಷ ಸೆಮಿಸ್ಟರ್ ಶುರುವಾದ ಎರಡನೆಯ ವಾರ ಫೋನ್ ಮಾಡಿ, ಏನೋ ಕೆಲಸದ ಮಧ್ಯೆ ಇದ್ದವಳ ಹಾಗೆ ಕೇಳಿದಳು: “ಅಮ್ಮ, ಗ್ರಂಥಾಲಯದಲ್ಲಿ ನಿನ್ನ ಹೆಸರು ಬರೆದುಕೊಂಡರಲ್ಲ, ಅವರ ಹೆಸರೇನು?” ಹೇಳಿದೆ. ಯಾಕೆ ಬೇಕಿತ್ತು ಎಂದು ಕೇಳಿದೆ. ಅವಳ ಮಹಡಿಯಲ್ಲಿ ಹೊಸದಾಗಿ ಬಂದ ಹುಡುಗಿಯೊಬ್ಬಳು ಪಕ್ಕದಲ್ಲೇ ಕುಳಿತಿದ್ದಳಂತೆ, ಅವಳಿಗೆ ಈ ಕಥೆ ಹೇಳುತ್ತಿದ್ದಳಂತೆ.