ನಾಲ್ಕು ತಿಂಗಳ ಶಿಟ್ಜು ಮರಿ: ಮ್ಯಾಟ್ ಮೇಲೆ ಉಚ್ಚೆ, ಬಾಚಣಿಗೆ ಕಂಡರೆ ಕಚ್ಚಾಟ

ಸಹನಾ, ಮೈಸೂರು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಶಿಟ್ಜು ಜಾತಿಯ ಒಂದು ನಾಯಿಮರಿ ಬಂದಿದೆ. ಗಂಡು, ಹೆಸರು ಲಡ್ಡು, ಈಗ ನಾಲ್ಕು ತಿಂಗಳು. ಕುವೆಂಪುನಗರದಲ್ಲಿ ಮೂರನೇ ಮಹಡಿಯ ಫ್ಲಾಟು ನಮ್ಮದು. ಬಾಲ್ಕನಿಯಲ್ಲಿ ಪೇಪರ್ ಹಾಸಿದ್ದೇನೆ. ಅದನ್ನು ಬಿಟ್ಟು ಬಾಗಿಲ ಹತ್ತಿರ ಕಾಲೊರೆಸುವ ಮ್ಯಾಟ್ ಮೇಲೆಯೇ ಉಚ್ಚೆ ಮಾಡುತ್ತಾನೆ. ಫಿನಾಯಿಲ್ ಹಾಕಿ ಒರೆಸಿ ಒರೆಸಿ ಸಾಕಾಗಿದೆ. ಪಕ್ಕದ ಮನೆಯವರು "ಮೂತಿ ಹಿಡಿದು ಅದಕ್ಕೇ ತಿಕ್ಕಿ, ಬುದ್ಧಿ ಬರುತ್ತೆ" ಅಂದರು. ನನಗೆ ಮನಸ್ಸು ಬರಲಿಲ್ಲ.

ಬಾಚಣಿಗೆ ಕಂಡರೆ ಸಾಕು, ಕೈಗೇ ಬಾಯಿ ಹಾಕುತ್ತಾನೆ. ಬೇಸಿಗೆ ಬಂತು, ಪೂರ್ತಿ ಬೋಳಿಸಿಬಿಡು ಅಂತ ನಮ್ಮ ಯಜಮಾನರು. ಅತ್ತೆಯವರದು ಒಂದೇ ಷರತ್ತು, ದೇವರ ಮನೆಗೆ ಕಾಲಿಡಬಾರದು. ಅವನಿಗೆ ಅಲ್ಲಿಗೇ ಹೋಗಬೇಕು! ಈ ಜಾತಿ ಹಟಮಾರಿ ಅಂತಾರೆ, ನಿಜವಾ?

ಶಶಿಕಲಾ, ಶಿವಮೊಗ್ಗ:

ಸಹನಾ ಅವರೇ, ಮೂತಿ ತಿಕ್ಕುವುದು ಬೇಡವೇ ಬೇಡ. ಅದರಿಂದ ಮರಿ ಕಲಿಯುವುದು ಒಂದೇ, ನಿಮ್ಮೆದುರು ಉಚ್ಚೆ ಮಾಡಬಾರದು ಅಂತ. ಆಮೇಲೆ ಸೋಫಾ ಹಿಂದೆ, ಮಂಚದ ಕೆಳಗೆ ಹೋಗಿ ಮಾಡುತ್ತೆ. ವಾಸನೆ ಬಂದಾಗಲೇ ನಿಮಗೆ ಗೊತ್ತಾಗುವುದು.

ಲಡ್ಡು ಮ್ಯಾಟನ್ನೇ ಹುಡುಕಿಕೊಂಡು ಹೋಗುವುದು ಹಟಕ್ಕಲ್ಲ. ಮರಿಗಳಿಗೆ ಕಾಲಿಗೆ ಮೆತ್ತಗೆ ಸಿಗುವ, ಒದ್ದೆ ಹೀರಿಕೊಳ್ಳುವ ಜಾಗ ಇಷ್ಟ. ಮೇಲಾಗಿ ಹಳೇ ವಾಸನೆ ಅಲ್ಲೇ ಕೂತಿದೆ. ಇವತ್ತೇ ಮನೆಯ ಮ್ಯಾಟುಗಳನ್ನೆಲ್ಲ ಸುತ್ತಿ ಅಟ್ಟಕ್ಕೆ ಹಾಕಿ. ಫಿನಾಯಿಲ್ ನಮ್ಮ ಮೂಗಿಗೆ ವಾಸನೆ ಮುಚ್ಚುತ್ತೆ, ನಾಯಿ ಮೂಗಿಗಲ್ಲ. ಅದರ ಮೇಲೆ ಓಡಾಡಿ ಪಾದ ನೆಕ್ಕಿಕೊಂಡರೆ ವಿಷ ಬೇರೆ. ಮೊದಲು ಒಣಬಟ್ಟೆಯಲ್ಲಿ ಒತ್ತಿ ತೆಗೆಯಿರಿ, ಆಮೇಲೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ. ಸಾಕುಪ್ರಾಣಿ ಅಂಗಡಿಗಳಲ್ಲಿ ಉಚ್ಚೆ ವಾಸನೆಯನ್ನು ಬುಡದಿಂದ ತೆಗೆಯುವ ಎನ್‌ಝೈಮ್ ಕ್ಲೀನರ್ ಸಿಗುತ್ತೆ, ಅದು ಇನ್ನೂ ಒಳ್ಳೆಯದು.

ಇಡೀ ಫ್ಲಾಟು ಅವನಿಗೆ ಬಿಟ್ಟಿದ್ದೀರಿ ಅನ್ನಿಸುತ್ತೆ. ಸದ್ಯಕ್ಕೆ ಬೇಡ. ಬಾಲ್ಕನಿಗೆ ಹೊಂದಿಕೊಂಡ ಒಂದು ಕೋಣೆ ಸಾಕು, ಬಾಗಿಲಿಗೆ ಅಡ್ಡ ಗೇಟು ಹಾಕಿ. ನಾಲ್ಕು ತಿಂಗಳ ಮರಿ ಹಗಲಲ್ಲಿ ನಾಲ್ಕು ಗಂಟೆ ತಡೆದರೆ ಅದೇ ಹೆಚ್ಚು. ಇಷ್ಟು ಸಣ್ಣ ಜಾತಿ ಅಷ್ಟೂ ತಡೆಯುವುದಿಲ್ಲ. ನಿದ್ದೆಯಿಂದ ಎದ್ದ ಕೂಡಲೇ, ಊಟ ಆದ ಮೇಲೆ, ಆಟ ಆದ ಮೇಲೆ ಎತ್ತಿಕೊಂಡು ಹೋಗಿ ಪೇಪರ್ ಮೇಲೆ ಬಿಡಿ. ಹಳೇ ಉಚ್ಚೆ ಪೇಪರಿನ ಒಂದು ತುಂಡು ಹೊಸದರ ಕೆಳಗೆ ಇರಲಿ. ಮಾಡಿದ ತಕ್ಷಣ, ಅಲ್ಲೇ, ತಿಂಡಿ ಕೊಡಿ. ಒಳಗೆ ಬಂದು ಫ್ರಿಜ್ ತೆಗೆದು ಕೊಟ್ಟರೆ ಫ್ರಿಜ್ ಹತ್ತಿರ ಬಂದಿದ್ದಕ್ಕೆ ಕೊಟ್ಟರು ಅಂದುಕೊಳ್ಳುತ್ತಾನೆ.

ಇನ್ನು ಕೂದಲು. ನನ್ನ ಪ್ರಕಾರ ಶಿಟ್ಜು ಸಾಕುವುದು ಅಂದರೆ ಅರ್ಧ ಇದೇ ಕೆಲಸ. ಉದುರುವುದು ಕಡಿಮೆ ಅಂತ ಮಾರುವವರು ಹೇಳುತ್ತಾರೆ. ಉದುರಿದ ಕೂದಲು ಮೈಮೇಲೇ ಸಿಕ್ಕಿಕೊಂಡು ಗಂಟಾಗುತ್ತೆ ಅನ್ನುವುದನ್ನು ಹೇಳುವುದಿಲ್ಲ. ಮೇಲೆ ಮೇಲೆ ಬಾಚಿದರೆ ಹೊರಗೆ ರೇಷ್ಮೆ, ಒಳಗೆ ಕಂಬಳಿ. ಸ್ಟೀಲ್ ಬಾಚಣಿಗೆ ಚರ್ಮದವರೆಗೆ ಇಳಿಯಬೇಕು.

ನಾನು ಮಾಡುವುದು ಹೀಗೆ. ನಮ್ಮ ನಾಯಿ ಪುಟ್ಟಿ ಆಡಿ ಸುಸ್ತಾಗಿರುವಾಗ ಒಂದು ಸ್ಟೀಲ್ ತಟ್ಟೆಗೆ ಗಟ್ಟಿ ಮೊಸರು ತೆಳ್ಳಗೆ ಸವರಿ ಮುಂದಿಡುತ್ತೇನೆ. ಅವಳು ನೆಕ್ಕುತ್ತಿರಬೇಕು, ನನ್ನ ಕೈ ಕೆಲಸ ಮಾಡುತ್ತಿರಬೇಕು. ಎಡಗೈಯಲ್ಲಿ ಮೇಲಿನ ಕೂದಲನ್ನು ಎತ್ತಿ ಹಿಡಿದು, ಕೆಳಗಿನ ಸಾಲಿಂದ ಒಂದೊಂದೇ ಬೈತಲೆ ತೆಗೆಯುತ್ತಾ ಮೇಲಕ್ಕೆ ಹೋಗುತ್ತೇನೆ. ಗಂಟು ಸಿಕ್ಕರೆ ಬುಡವನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದು ತುದಿಯಿಂದ ಬಿಡಿಸಿಕೊಂಡು ಬನ್ನಿ, ಆಗ ಚರ್ಮ ಎಳೆಯುವುದಿಲ್ಲ. ಲಡ್ಡು ಕಚ್ಚುವುದು ಆ ಎಳೆತಕ್ಕೇ ಇರಬೇಕು. ಕಿವಿ ಹಿಂದೆ, ಕಂಕುಳು, ಹೊಟ್ಟೆ, ಇವು ಬೇಗ ಗಂಟಾಗುವ ಜಾಗಗಳು. ಗಂಟು ಬಿಡಿಸದೆ ಸ್ನಾನ ಮಾಡಿಸಲೇಬೇಡಿ, ನೀರು ಬಿದ್ದರೆ ಬಿಗಿದು ಕೂತುಬಿಡುತ್ತೆ. ಮೊದಲಿಗೆ ಬಾಚುವುದೇ ಬೇಡ, ಬಾಚಣಿಗೆ ಸುಮ್ನೆ ಮೈಗೆ ತಾಗಿಸಿ ಮೊಸರು ಕೊಡಿ. ಹತ್ತು ಹನ್ನೆರಡು ತಿಂಗಳಲ್ಲಿ ಮರಿ ಕೂದಲು ಹೋಗಿ ದೊಡ್ಡ ಕೂದಲು ಬರುತ್ತೆ. ಆಗ ಬೆಳಗ್ಗೆ ಬಿಡಿಸಿದ್ದು ಸಂಜೆಗೆ ಗಂಟು. ಅಷ್ಟರೊಳಗೆ ಬಾಚಣಿಗೆ ರೂಢಿಯಾಗಿರಲಿ.

ಬೋಳಿಸುವುದು ಬೇಡ, ಚರ್ಮಕ್ಕೆ ನೇರ ಬಿಸಿಲು ಹೊಡೆಯುತ್ತೆ. ಒಂದು ಇಂಚು ಬಿಟ್ಟು ಕತ್ತರಿಸಿದರೆ ಸಾಕು. ಉಣ್ಣಿ ಹುಳ ಹತ್ತಿದರೂ ಬೇಗ ಕಾಣುತ್ತೆ. ಸೆಕೆಯ ನಿಜವಾದ ತೊಂದರೆ ಕೂದಲಲ್ಲಿಲ್ಲ, ಆ ಚಪ್ಪಟೆ ಮೂತಿಯಲ್ಲಿದೆ. ನಾಯಿಗಳು ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು, ಇವಕ್ಕೆ ಅದೇ ಕಷ್ಟ.

ಪ್ರವೀಣ, ಹುಬ್ಬಳ್ಳಿ:

ಶಶಿಕಲಾ ಅಕ್ಕಾರು ಕೂದಲಿನ ಬಗ್ಗೆ ಎಲ್ಲಾ ಹೇಳ್ಯಾರ. ನಾನು ಪಶು ಚಿಕಿತ್ಸಾಲಯದಲ್ಲಿ ಕೆಲಸ ಮಾಡುತ್ತೇನ್ರೀ, ಬಿಟ್ಟಿದ್ದು ಸ್ವಲ್ಪ ಸೇರಿಸುತ್ತೇನೆ.

ಕಚ್ಚೋದಕ್ಕೆ ಹಲ್ಲೂ ಕಾರಣ. ನಾಲ್ಕರಿಂದ ಆರು ತಿಂಗಳೊಳಗೆ ಹಾಲುಹಲ್ಲು ಬೀಳುತ್ತವೆ, ಒಸಡು ಕಡಿಯುತ್ತಿರುತ್ತೆ. ಒದ್ದೆ ಬಟ್ಟೆ ತಿರುಚಿ ಫ್ರೀಜರ್‌ನಲ್ಲಿಟ್ಟು ಅಗಿಯಲು ಕೊಡಿ, ನೀವು ಎದುರಿಗೇ ಇರಿ. ಸಣ್ಣ ಜಾತಿಗಳಲ್ಲಿ ಹಾಲಿನ ಕೋರೆಹಲ್ಲು ಬೀಳದೆ ಹೊಸದರ ಪಕ್ಕದಲ್ಲೇ ಉಳಿಯೋದು ಜಾಸ್ತಿ. ಆರು ತಿಂಗಳಿಗೆ ಬಾಯಿ ತೆರೆದು ನೋಡಿ, ಎರಡೆರಡು ಕಂಡರೆ ಡಾಕ್ಟರಿಗೆ ತೋರಿಸ್ರೀ.

ಇವುಗಳ ಕಣ್ಣು ಮುಂದೆ ಬಂದಿರುತ್ತವೆ. ಕಣ್ಣು ಕಿರಿದು ಮಾಡಿ ಪಂಜದಿಂದ ಉಜ್ಜಿಕೊಳ್ಳುತ್ತಿದ್ದರೆ ನಾಳೆ ನೋಡೋಣ ಅನ್ನಬೇಡಿ, ಹುಣ್ಣಾಗಿರಬಹುದು. ಮನೆಯಲ್ಲಿರೋ ಹಳೇ ಡ್ರಾಪ್ಸ್ ಹಾಕಲೇಬೇಡಿ. ಕುತ್ತಿಗೆ ಪಟ್ಟಿ ಎಳೆದರೆ ಕಣ್ಣಿಗೂ ಒತ್ತಡ ಬೀಳುತ್ತೆ, ಅದರ ಬದಲು ಎದೆಗೆ ಹಾಕೋ ಪಟ್ಟಿ, ಹಾರ್ನೆಸ್, ಹಾಕಿ.

ಪಾರ್ವೊ, ಡಿಸ್ಟೆಂಪರ್ ಅನ್ನೋ ಅಂಟುರೋಗಗಳ ಲಸಿಕೆಯ ಕೊನೇ ಡೋಸು ಹದಿನಾರು ವಾರಕ್ಕೆ ಬೀಳಬೇಕು. ರೇಬೀಸ್‌ದು ಮೂರು ತಿಂಗಳಿಗೆ ಹಾಕಿಸಬೇಕಿತ್ತು. ಕಾರ್ಡು ನೋಡಿಕೊಳ್ಳಿ. ಕೊನೇ ಡೋಸಾಗಿ ಎರಡು ವಾರ ಕಳೆಯೋತನಕ ರಸ್ತೆಗೆ ಇಳಿಸಬೇಡಿ. ಎತ್ತಿಕೊಂಡು ಊರು ತೋರಿಸ್ರೀ, ಸ್ಕೂಟರ್ ಸದ್ದು, ತರಕಾರಿ ಗಾಡಿ ಎಲ್ಲಾ ರೂಢಿಯಾಗಲಿ.

ಇಮ್ರಾನ್, ಬೆಂಗಳೂರು:

ದೇವರ ಮನೆಗೆ ಗದರಿಸುವುದು ಬೇಡ. ಹೊಸ್ತಿಲಿಂದ ಎರಡಡಿ ಈಚೆ ಅವನದೊಂದು ಚಾಪೆ ತುಂಡು ಹಾಕಿ. ಉಚ್ಚೆ ಅಭ್ಯಾಸ ಸರಿಹೋದ ಮೇಲೆ ಹಾಕಿ, ಇಲ್ಲದಿದ್ದರೆ ಅದೂ ಮ್ಯಾಟೇ! ಅಲ್ಲಿ ಕೂತರೆ ತಿಂಡಿ. ಹೊಸ್ತಿಲು ದಾಟಿದರೆ ಮಾತಿಲ್ಲದೆ ಎತ್ತಿ ಚಾಪೆಗೆ ಬಿಡಿ. ಅತ್ತೆಯವರೇ ತಿಂಡಿ ಕೊಟ್ಟರೆ ಇನ್ನೂ ಬೇಗ ಕಲಿಯುತ್ತಾನೆ, ಅವರಿಗೂ ಅವನ ಮೇಲೆ ಹಿಡಿತ ಬರುತ್ತೆ.

ಆದರೆ ಪೇಪರ್ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಲಸಿಕೆ ಮುಗಿದ ಕೂಡಲೇ ಪೇಪರ್ ತೆಗೆದು ಕೆಳಗೆ ಕರೆದುಕೊಂಡು ಹೋಗಿ. ಇಲ್ಲವಾದರೆ ಬಿದ್ದ ಪೇಪರೆಲ್ಲ ಪಾಯಿಖಾನೆ ಅಂದುಕೊಳ್ಳುತ್ತಾನೆ.

ಶಶಿಕಲಾ, ಶಿವಮೊಗ್ಗ:

ಇಮ್ರಾನ್, ನಿಮ್ಮ ಬೆಂಗಳೂರಿಗೆ ಅದು ಸರಿ. ಆಷಾಢದ ಮಳೆಯಲ್ಲಿ ಒಮ್ಮೆ ಇಲ್ಲಿಗೆ ಬನ್ನಿ. ಪುಟ್ಟಿ ಜಗಲಿ ತುದಿಯಲ್ಲಿ ಒಂದು ಕಾಲೆತ್ತಿಕೊಂಡು ನಿಂತು, ಮಳೆ ನಿಲ್ಲಿಸು ಅನ್ನುವ ಹಾಗೆ ನನ್ನ ಮುಖ ನೋಡುತ್ತಾಳೆ. ಮನೆಯೊಳಗೂ ಒಂದು ಜಾಗ ಇರಲಿ. ಪೇಪರ್ ಬೇಡ ಅಂದರೆ ಹುಲ್ಲಿನ ಟ್ರೇ ಇಡಿ.

ಸಹನಾ, ಮೈಸೂರು:

ಎಲ್ಲರಿಗೂ ಥ್ಯಾಂಕ್ಸ್. ಮ್ಯಾಟು ಅಟ್ಟ ಸೇರಿತು. ಮೊಸರಿನ ತಟ್ಟೆಗೆ ಒಂದು ಕಿವಿ ಬಾಚಿಸಿಕೊಂಡ! ಇನ್ನೊಂದು ಪ್ರಶ್ನೆ. ಅತ್ತೆಗೆ ಅವನ ಮೇಲೆ ಪ್ರೀತಿ ಬಂದುಬಿಟ್ಟಿದೆ, ಪ್ರಸಾದ ಅಂತ ಸಜ್ಜಿಗೆ ಕೊಡುತ್ತಿದ್ದಾರೆ. ಪರವಾಗಿಲ್ವಾ?

ಪ್ರವೀಣ, ಹುಬ್ಬಳ್ಳಿ:

ಬೇಡ್ರೀ! ಅದರಲ್ಲಿ ಒಣದ್ರಾಕ್ಷಿ ಇರುತ್ತೆ. ದ್ರಾಕ್ಷಿ ಹಸಿಯಾಗಲಿ ಒಣಗಿದ್ದಾಗಲಿ ನಾಯಿಯ ಮೂತ್ರಪಿಂಡ ಕೆಡಿಸುತ್ತೆ, ಎಷ್ಟು ತಿಂದರೆ ಅಪಾಯವಿಲ್ಲ ಅಂತ ಲೆಕ್ಕವೇ ಇಲ್ಲ. ಇವತ್ತು ತಿಂದಿದ್ದರೆ ವಾಂತಿಯಾಗುತ್ತಾ ನೋಡೋಣ ಅಂತ ಕಾಯದೆ ಈಗಲೇ ಡಾಕ್ಟರಿಗೆ ಫೋನ್ ಮಾಡಿ. ಈರುಳ್ಳಿ ಬಿದ್ದ ಸಾರು, ಪಲ್ಯ, ಚಾಕಲೇಟ್ ಕೂಡ ಬೇಡ. ಅತ್ತೆಯವರ ಕೈಗೆ ಉಪ್ಪು ಹಾಕದೆ ಬೇಯಿಸಿದ ಕುಂಬಳಕಾಯಿ ತುಂಡು ಕೊಡ್ರಿ, ಅದನ್ನೇ ಪ್ರಸಾದ ಅಂತ ಹಾಕಲಿ.