ಐಬಿಎಸ್: ಮಲದ ಬ್ಯಾಕ್ಟೀರಿಯಾ ರಿಪೋರ್ಟ್ ನೋಡಿ ಪಥ್ಯ ಹೇಳಬಹುದಾ?

ಪಥ್ಯ_ಮಂಡ್ಯ:
ಐಬಿಎಸ್ (ಹೊಟ್ಟೆನೋವಿನ ಜೊತೆ ಭೇದಿಯೋ ಮಲಬದ್ಧತೆಯೋ ಮತ್ತೆ ಮತ್ತೆ ಬರೋ ಕರುಳಿನ ತೊಂದರೆ) ಅಂತ ಡಾಕ್ಟರು ಹೇಳಿದ ಮೇಲೆ ಊಟದ ಸಲಹೆಗೆ ಬರೋರಲ್ಲಿ ಕೆಲವರು ಈಗ ಮಲದ ಬ್ಯಾಕ್ಟೀರಿಯಾ ಪರೀಕ್ಷೆಯ ರಿಪೋರ್ಟನ್ನೂ ತರ್ತಿದ್ದಾರೆ. 'ಬೈಫಿಡೊಬ್ಯಾಕ್ಟೀರಿಯಾ ಕಮ್ಮಿ' (ಕರುಳಿಗೆ ಒಳ್ಳೇದು ಅನ್ನೋ ಬ್ಯಾಕ್ಟೀರಿಯಾ) ಅಂತ ಕೆಂಪಕ್ಷರದಲ್ಲಿರುತ್ತೆ. ಅದನ್ನು ನೋಡಿ ಪಥ್ಯ ಹೇಳಬಹುದಾ? ಇನ್ನೊಂದು, ಲೋ ಫಾಡ್‌ಮ್ಯಾಪ್ (ಸಣ್ಣ ಕರುಳಲ್ಲಿ ಸರಿಯಾಗಿ ಹೀರಿಕೊಳ್ಳದೆ ಹುಳಿದು ಗ್ಯಾಸಾಗೋ ಸಕ್ಕರೆಗಳನ್ನು ಕಮ್ಮಿ ಮಾಡೋ ಪಥ್ಯ) ಪಟ್ಟಿಗಳೆಲ್ಲ ಬ್ರೆಡ್ಡು, ಪಾಸ್ತಾ ಲೆಕ್ಕದಲ್ಲಿವೆ. ಮುದ್ದೆ, ಬಸ್ಸಾರು, ಉಪ್ಸಾರು ಉಣ್ಣೋ ಮನೆಗೆ ಹೊಂದಿಸೋದು ಹೇಗೆ?

ಜೀರ್ಣಾಂಗ_ಮೈಸೂರು:
ರಿಪೋರ್ಟ್ ನೋಡಿ ಹೇಳಬೇಡಿ ಮೇಡಂ. ಐಬಿಎಸ್ ಇದೆ ಅಂತಲೋ, ಇಂಥ ಊಟ ಒಗ್ಗುತ್ತೆ ಅಂತಲೋ ತೋರಿಸುವ ಬ್ಯಾಕ್ಟೀರಿಯಾ ಗುರುತು ಇನ್ನೂ ಯಾವುದೂ ಖಚಿತವಾಗಿಲ್ಲ. ಆಂಟಿಬಯಾಟಿಕ್ ತಗೊಂಡರೆ, ಊಟ ಬದಲಾದರೆ ಅಂಕಿಯೂ ಬದಲಾಗುತ್ತೆ. ಅದಕ್ಕಿಂತ ಮುಖ್ಯವಾದದ್ದು, ಲೋ ಫಾಡ್‌ಮ್ಯಾಪ್ ಪಥ್ಯವೇ ಬೈಫಿಡೊ ಸಂಖ್ಯೆಯನ್ನು ಇಳಿಸುತ್ತೆ, ಯಾಕಂದ್ರೆ ಅದರ ಮೇವನ್ನೇ ನಿಲ್ಲಿಸಿರ್ತೀವಿ. ಹೊಟ್ಟೆ ಹಗುರಾಗ್ತಿರುವಾಗಲೇ ರಿಪೋರ್ಟ್ ಕೆಂಪಾಗಬಹುದು.

ಹಾಗಂತ ಬ್ಯಾಕ್ಟೀರಿಯಾಗೆ ಸಂಬಂಧ ಇಲ್ಲ ಅಂತಲ್ಲ. 2000ದಲ್ಲಿ ಕೆನಡಾದ ವಾಕರ್ಟನ್ ಊರಿನ ಕುಡಿಯೋ ನೀರಿಗೆ ಇ. ಕೋಲಿ ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಅವರಲ್ಲಿ ಎಷ್ಟೋ ಮಂದಿಗೆ ವರ್ಷಗಟ್ಟಲೆ ಐಬಿಎಸ್ ಉಳೀತು. ಸೋಂಕು ಹೋದರೂ ಕರುಳಿನ ನರಗಳು ಸೂಕ್ಷ್ಮವಾಗಿಯೇ ಉಳಿಯಬಹುದು. ಆಗ ಬೇರೆಯವರಿಗೆ ಗೊತ್ತೇ ಆಗದಷ್ಟು ಗ್ಯಾಸು ಇವರಿಗೆ ನೋವಾಗುತ್ತೆ. ಅದಕ್ಕೇ 'ಇದು ಶುರುವಾಗೋ ಮುಂಚೆ ಜೋರು ವಾಂತಿ-ಭೇದಿ ಆಗಿತ್ತಾ?' ಅಂತ ಕೇಳಿ. ರಿಪೋರ್ಟಿಗಿಂತ ಆ ಉತ್ತರ ಉಪಯೋಗ.

ಗೋಧಿ ನಿಲ್ಲಿಸೋ ಮುಂಚೆ ಸೀಲಿಯಾಕ್ (ಗೋಧಿಯ ಗ್ಲುಟೆನ್‌ನಿಂದ ಸಣ್ಣ ಕರುಳು ಕೆಡೋ ಕಾಯಿಲೆ) ರಕ್ತಪರೀಕ್ಷೆ ಆಗಿದೆಯಾ ನೋಡಿ. ನಿಲ್ಲಿಸಿದ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಸಿಗದೆ ಹೋಗಬಹುದು. ಮಲದಲ್ಲಿ ರಕ್ತ, ತೂಕ ಇಳಿತ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಪಥ್ಯ ಆಮೇಲಿರಲಿ, ಮೊದಲು ಡಾಕ್ಟರ ಹತ್ತಿರ ವಾಪಸ್ ಕಳಿಸಿ.

ಕಾಳುಕಡ್ಡಿ:
ಮುದ್ದೆ ಮೇಲೆ ಅನುಮಾನ ಪಡೋ ಮುಂಚೆ ಸಾರು ನೋಡಿ. ಕಾಳಿನಲ್ಲಿರೋ ರಾಫಿನೋಸ್, ಸ್ಟಾಕಿಯೋಸ್ ಅನ್ನೋ ಸಕ್ಕರೆಗಳನ್ನು ಒಡೆಯೋ ಕಿಣ್ವ ನಮ್ಮ ಸಣ್ಣ ಕರುಳಲ್ಲಿಲ್ಲ. ಅವು ದೊಡ್ಡ ಕರುಳಿಗೆ ಹೋಗಿ, ಬ್ಯಾಕ್ಟೀರಿಯಾ ಹುಳಿಸಿ ಗ್ಯಾಸಾಗುತ್ತೆ. ಇವು ನೀರಲ್ಲಿ ಕರಗ್ತವೆ, ಬೇಯುವಾಗ ಒಂದು ಪಾಲು ಕಟ್ಟಿಗೆ ಇಳಿಯುತ್ತೆ. ಬಸ್ಸಾರಲ್ಲಿ ಬಸಿದ ಆ ಕಟ್ಟೇ ಸಾರು! ಅದಕ್ಕೆ ಮತ್ತೆ ಈರುಳ್ಳಿ, ಬೆಳ್ಳುಳ್ಳಿ ರುಬ್ಬಿ ಹಾಕ್ತೀವಿ. ಉಪ್ಸಾರೂ ಅದೇ ಕಥೆ, ಅದರ ಖಾರದಲ್ಲೂ ಬೆಳ್ಳುಳ್ಳಿ.

ಪಥ್ಯದ ವಾರಗಳಲ್ಲಿ ಕಾಳು ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿ, ಕಟ್ಟು ಮನೆಯ ಬೇರೆಯವರಿಗೆ ಬಿಡಿ. ಇವರಿಗೆ ಸೊಪ್ಪಿನ ಪಲ್ಯದ ಜೊತೆ ಎರಡು ಚಮಚ ಕಾಳು ಸಾಕು. ಮುದ್ದೆಗೆ ಹುಣಸೆ, ಮೆಣಸು, ಜೀರಿಗೆಯ ತಿಳಿಸಾರು.

ಬೆಳ್ಳುಳ್ಳಿಯ ಘಮ ಬೇಕೇ ಬೇಕು ಅನ್ನೋರಿಗೆ ದಾರಿ ಇದೆ. ಅದರಲ್ಲಿ ತೊಂದರೆ ಕೊಡೋ ಫ್ರಕ್ಟಾನ್ ಅನ್ನೋ ಸಕ್ಕರೆಯ ಸರಪಳಿ ಎಣ್ಣೆಯಲ್ಲಿ ಕರಗಲ್ಲ. ಇಡೀ ಎಸಳನ್ನು ಸಣ್ಣ ಉರಿಯಲ್ಲಿ ಎಣ್ಣೆಗೆ ಹಾಕಿ, ಘಮ ಬಂದ ಮೇಲೆ ತೆಗೆದುಬಿಡಿ. ನೀರೋ ಟೊಮೆಟೊನೋ ಬೀಳೋ ಮುಂಚೆಯೇ ತೆಗೀಬೇಕು; ತಡವಾದರೆ ಫ್ರಕ್ಟಾನ್ ಸಾರಿಗೆ ಬಿಡುತ್ತೆ. ಅಂಗಡಿಯ ಸಾರಿನ ಪುಡಿಯಲ್ಲಿ ಬೆಳ್ಳುಳ್ಳಿ ಪುಡಿ ಇದೆಯಾ, ಪ್ಯಾಕೆಟ್ ಹಿಂದೆ ಓದಿ.

ಪಥ್ಯ_ಮಂಡ್ಯ:
ಕಟ್ಟಿನ ವಿಷಯ ಹೊಳೆದೇ ಇರಲಿಲ್ಲ, ಥ್ಯಾಂಕ್ಸ್ ಸರ್. ಎಷ್ಟು ವಾರ ಹೀಗೆ? ಪ್ರೋಬಯಾಟಿಕ್ (ಒಳ್ಳೆ ಬ್ಯಾಕ್ಟೀರಿಯಾ ಇರೋ ಮಾತ್ರೆ, ಪುಡಿ) ಬೇಕಾ?

ಜೀರ್ಣಾಂಗ_ಮೈಸೂರು:
2ರಿಂದ 6 ವಾರ, ಅದಕ್ಕಿಂತ ಎಳೀಬೇಡಿ. ಗುಣ ಕಾಣದಿದ್ದರೂ ನಿಲ್ಲಿಸಿ. ಕಂಡರೆ ಒಂದೊಂದಾಗಿ ವಾಪಸ್ ತನ್ನಿ: ಮಿಕ್ಕ ಪಥ್ಯ ಹಾಗೇ ಇಟ್ಟು, ಹಾಲನ್ನು ಮೊದಲ ದಿನ ಕಾಲು ಲೋಟ, ಮರುದಿನ ಅರ್ಧ, ಮೂರನೇ ದಿನ ಒಂದು ಲೋಟ. ಹೊಟ್ಟೆ ಕೆಟ್ಟರೆ ಅಲ್ಲೇ ನಿಲ್ಲಿಸಿ, ಸರಿಹೋದ ಮೇಲೆ ಮುಂದಿನದು. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳು ಎಲ್ಲ ಬೇರೆ ಬೇರೆಯಾಗಿ. ಒಂದೇ ವಾರ ಎರಡು ಸೇರಿಸಿದರೆ ಯಾವುದು ಕೆಡಿಸಿತು ಅಂತ ಗೊತ್ತಾಗಲ್ಲ.

ಪ್ರೋಬಯಾಟಿಕ್ ಬಗ್ಗೆ ತಜ್ಞರ ಸಂಘಗಳಲ್ಲೇ ಒಮ್ಮತವಿಲ್ಲ. 2021ರ ಅಮೆರಿಕದ ಮಾರ್ಗಸೂಚಿ ಬೇಡ ಅನ್ನುತ್ತೆ, ಬ್ರಿಟನ್ನಿನದು 12 ವಾರದವರೆಗೆ ನೋಡಬಹುದು ಅನ್ನುತ್ತೆ. ಕೊಡೋದಾದರೆ ಒಂದೇ ಉತ್ಪನ್ನ, ಪಥ್ಯದ ಜೊತೆಗೇ ಶುರು ಮಾಡಬೇಡಿ. ಇಸಬ್ಗೋಲ್ ಅದಕ್ಕಿಂತ ಭರವಸೆಯದು: ದಿನಕ್ಕೆ 3–4 ಗ್ರಾಂನಿಂದ ಶುರುಮಾಡಿ ನಿಧಾನಕ್ಕೆ ಏರಿಸಿ, ಜೊತೆಗೆ ತುಂಬು ಲೋಟ ನೀರು. ಗೋಧಿ ಬೂಸಾ ಮಾತ್ರ ಕೊಡಬೇಡಿ, ಉಬ್ಬರ ಹೆಚ್ಚಾಗುತ್ತೆ.